ಕಿತ್ತಳೆ ಹಿಡಿಯ ಚಾಕು

ಬೆಳಗಿನ ಕಾಫಿಯ ಹೊತ್ತಿಗೆ ಲಾಯ್ಡ್ ಕೊಡಲು ಬಂದ ಚಾಕನ್ನು ಆರ್ನೆ ಲಾಂಪಿ ಸುಮ್ಮನೆ ಜೇಬಿಗೆ ಹಾಕಿಕೊಂಡಿದ್ದರೆ ಆ ದಿನ ಎಲ್ಲರಿಗೂ ಸುಖವಾಗಿ ಮುಗಿಯುತ್ತಿತ್ತು. ಅವನು ಹಾಕಿಕೊಳ್ಳಲಿಲ್ಲ. ಅದರ ಹಿಡಿ ಕಿತ್ತಳೆ ಬಣ್ಣದ್ದು ಎಂಬುದೇ ಕಾರಣ.

"ಇದೇನು ಚಾಕೋ, ಮಕ್ಕಳ ಆಟದ ಸಾಮಾನೋ?" ಅಂದ.

"ನಗಬೇಡ ಮಾರಾಯ. ಹಿಡಿ ಕಣ್ಣಿಗೆ ಹೊಡೀಬೇಕು. ಕಂದು ಹಿಡಿ ಎಲೆ ಮೇಲೆ ಬಿತ್ತು ಅಂದ್ರೆ ಹೋಯ್ತು, ದೇವರಿಗೂ ಸಿಗಲ್ಲ. ಅಲಗು ಅಂಗೈಯಷ್ಟುದ್ದ ಇದ್ರೆ ಸಾಕು. ಅದಕ್ಕಿಂತ ಉದ್ದ ಇದ್ರೆ ಕರುಳು ತೂತಾಗತ್ತೆ, ಮಾಂಸ ಕೆಡತ್ತೆ."

"ಹಾಗಾದ್ರೆ ನಿನ್ನ ಸೊಂಟದಲ್ಲಿ ದೋಣಿ ಹುಟ್ಟಿನ ಥರ ತೂಗ್ತಾ ಇದ್ಯಲ್ಲ, ಅದೇನು?"

"ಅದು ಚಂದಕ್ಕೆ," ಅಂದ ಲಾಯ್ಡ್, ಕೊಂಚವೂ ನಾಚದೆ.

ಲಾಯ್ಡ್ ಪಕ್ಕದ ಕ್ಯಾಂಪಿನವನು. ಪ್ರತಿ ನವೆಂಬರಿನಲ್ಲಿ ಶಿಕಾರಿ ಶುರುವಾಗುವ ದಿನ ಬೆಳಕು ಹರಿಯುವ ಮೊದಲೇ ಲಾಂಪಿಯವರ ಮರದ ಮನೆಗೆ ಬಂದು, ಕಾಫಿ ಪಾತ್ರೆ ಬರಿದಾಗುವ ತನಕ ಬುದ್ಧಿವಾದ ಹೇಳಿ ಹೋಗುವುದು ಅವನ ಪದ್ಧತಿ. ಕೇಳುವವರಿಲ್ಲ ಎಂಬ ಕಾರಣಕ್ಕೆ ಅವನು ಎಂದೂ ನಿಲ್ಲಿಸಿದ್ದಿಲ್ಲ.

"ನನಗೆ ಯಾವ ಚಾಕೂ ಬೇಡ," ಎಂದ ಆರ್ನೆ. "ನಾನು ಜಿಂಕೆ ಹೊಡೆದ ದಿನ ಅಪ್ಪನ ಚಾಕಲ್ಲೇ ಸೀಳೋದು."

ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದ ಅವನ ಭಾವ ಕ್ಲಾರೆನ್ಸ್ ಯಾಕೋ ಕೆಮ್ಮಿದ.

ಆ ಚಾಕು ಕ್ಲಾರೆನ್ಸನ ಸೊಂಟದಲ್ಲಿತ್ತು. ಬರ್ಚ್ ಮರದ ಹಿಡಿ, ಅಂಗೈ ಉದ್ದದ ಅಲಗು, ಚರ್ಮದ ಒರೆ. ಆರ್ನೆಯ ಅಪ್ಪ ಓಸ್ಕರ್ ಬದುಕಿದ್ದಾಗ ಮಾಡಿಟ್ಟ ಕಟ್ಟಳೆಯೊಂದಿತ್ತು: ಮೊದಲ ದಿನ ಮೊದಲ ಕೊಂಬಿನ ಜಿಂಕೆ ಯಾರು ಹೊಡೆಯುತ್ತಾರೋ ಚಾಕು ಅಲ್ಲೇ, ಆ ಕ್ಷಣವೇ, ಅವರ ಕೈಗೆ ಹೋಗಬೇಕು. ಅದರಿಂದಲೇ ಜಿಂಕೆ ಸೀಳಬೇಕು. ರಾತ್ರಿಯೂಟಕ್ಕೆ ಜಿಂಕೆಯ ಈಲಿಯನ್ನು, ಅಂದರೆ ಲಿವರನ್ನು, ಎಲ್ಲರೆದುರು ಅದರಿಂದಲೇ ಹೆಚ್ಚಿ, ಈರುಳ್ಳಿಯ ಜೊತೆ ಹುರಿದು ಬಡಿಸಬೇಕು. ಆಮೇಲೆ ಒಂದು ವರ್ಷ ಚಾಕು ಅವರ ಮನೆಯಲ್ಲಿರುತ್ತದೆ.

ಓಸ್ಕರ್ ತೀರಿಕೊಂಡ ಮೇಲೆ ಅದು ಅಳಿಯ ಕ್ಲಾರೆನ್ಸನ ಮನೆ ಬಿಟ್ಟು ಕದಲಿರಲಿಲ್ಲ. ಆರ್ನೆಯ ಮನೆಯ ಹೊಸ್ತಿಲನ್ನಂತೂ ಒಮ್ಮೆಯೂ ದಾಟಿರಲಿಲ್ಲ. ಶಾಲೆಯ ಬಸ್ಸನ್ನು ಮಂಜುಗಡ್ಡೆಯ ಮೇಲೆ ಕೂದಲೆಳೆಯಷ್ಟೂ ಜಾರದಂತೆ ಓಡಿಸುವ ಆರ್ನೆಯ ಕೈ, ಜಿಂಕೆಯನ್ನು ಕಂಡೊಡನೆ ಗಡಗಡ ನಡುಗುತ್ತಿತ್ತು. ಗುರಿ ತಪ್ಪಿದವನ ಅಂಗಿಯ ಹಿಂಬದಿಯನ್ನು ಕತ್ತರಿಸಿ ಗೋಡೆಗೆ ಮೊಳೆ ಹೊಡೆಯುವುದು ಕ್ಯಾಂಪಿನ ಕಾನೂನು. ಗೋಡೆಯ ಮೇಲಿದ್ದ ಚಿಂದಿಗಳಲ್ಲಿ ಮುಕ್ಕಾಲು ಪಾಲು ಆರ್ನೆಯವು. ಹೊಲಿದರೆ ಇಡೀ ಮನೆಗೆ ಪರದೆ ಆಗುತ್ತಿತ್ತು.

ಅಪ್ಪ ಇದ್ದಾಗ ಕತ್ತರಿಸುತ್ತಿದ್ದವನು ಅಪ್ಪನೇ. ಆರ್ನೆ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ತಣ್ಣನೆಯ ಅಲಗು ಬೆನ್ನಿಗೆ ಒಂದಿಷ್ಟು ತಗುಲುತ್ತಿತ್ತು, ಬಟ್ಟೆ ಚರ್ರೆಂದು ಸೀಳುತ್ತಿತ್ತು, ಹಿಂದಿನಿಂದ ಅಪ್ಪನ ನಗು ಕೇಳುತ್ತಿತ್ತು. "ಬರೋ ವರ್ಷ ಮಗಾ," ಎನ್ನುತ್ತಿದ್ದ. ಈಗ ಆರ್ನೆಗೆ ಐವತ್ತು ದಾಟಿದೆ. ಆ ಚಾಕನ್ನು ತನ್ನ ಅಡುಗೆಮನೆಯ ಕಿಟಕಿಯ ಹತ್ತಿರ, ಒಂದೇ ಒಂದು ವರ್ಷ ತೂಗುಹಾಕಬೇಕೆಂದು ಅವನು ಹಂಬಲಿಸಿದಷ್ಟು ಇನ್ಯಾವುದಕ್ಕೂ ಹಂಬಲಿಸಿರಲಿಲ್ಲ. ಅದಕ್ಕೆಂದು ಒಂದು ಮೊಳೆಯನ್ನೂ ಹೊಡೆದಿದ್ದ. ಹೆಂಡತಿ ಅದಕ್ಕೆ ಮಸಿಬಟ್ಟೆ ನೇತುಹಾಕುತ್ತಿದ್ದಳು.

ಆ ದಿನ ಜೌಗಿನ ಅಂಚಿನಲ್ಲಿ, ಬಿದ್ದ ಮರದ ಹಿಂದೆ ಆರ್ನೆ ಕೂತಿದ್ದ. ಮೇಲಿನ ದಿಬ್ಬದಲ್ಲಿ ಕ್ಲಾರೆನ್ಸ್. ಬೆಳಕು ಹರಿದು ಕಾಲು ಮರಗಟ್ಟುವ ಹೊತ್ತಿಗೆ ದಿಬ್ಬದ ಕಡೆಯಿಂದಲೇ ಒಂದು ಕೊಂಬಿನ ಜಿಂಕೆ, ಸಂತೆಗೆ ಹೊರಟವರ ಹಾಗೆ ನಿಧಾನಕ್ಕೆ ಇಳಿದು ಬಂತು. ಅದು ಕ್ಲಾರೆನ್ಸನ ಕಾಲ ಬುಡದಲ್ಲೇ ಹಾದು ಬಂದಿರಬೇಕು. ಅವನು ಯಾಕೆ ಹೊಡೆಯಲಿಲ್ಲವೋ! ಆರ್ನೆಯ ಕೈ ಎಂದಿನಂತೆ ನಡುಗಿತು. ಕೋವಿಯನ್ನು ಬಿದ್ದ ಮರದ ಮೇಲೆ ಊರಿ, ಕಣ್ಣು ಮುಚ್ಚಬಾರದೆಂದು ತನಗೆ ತಾನೇ ಹೇಳಿಕೊಂಡು, ಈಡು ಹಾರಿಸಿದ.

ಜಿಂಕೆ ನಾಲ್ಕು ನೆಗೆತ ನೆಗೆದು ಮಲಗಿತು.

"ಭಾವಾ! ಬಿತ್ತು! ಬಿತ್ತು ಭಾವಾ!" ಎಂದು ಅವನು ಕೂಗಿದ್ದಕ್ಕೆ ಮೂರು ಮೈಲಿಯ ಜಿಂಕೆಗಳೆಲ್ಲ ಊರು ಬಿಟ್ಟಿರಬೇಕು.

ಕ್ಲಾರೆನ್ಸ್ ಏದುಸಿರು ಬಿಡುತ್ತ ಇಳಿದು ಬಂದ. "ನನ್ನ ಕೋವಿ ಸಿಕ್ಕಿಹಾಕ್ಕೊಂಡ್ಬಿಡ್ತು ಕಣೋ. ಇಲ್ಲದಿದ್ರೆ ನಿನಗೆಲ್ಲಿ ಬಿಡ್ತಿದ್ದೆ!" ಎನ್ನುತ್ತ ಒರೆ ಬಿಚ್ಚಿ ಕೊಟ್ಟ. "ತಗೋ. ಇದರ ಹಿಡಿ ಈಚೆಗೆ ನನ್ನ ಕೈಗೆ ಕೂರ್ತಾನೂ ಇಲ್ಲ."

ಆರ್ನೆ ಎಡಚ. ಚಾಕನ್ನು ಎಡಗೈಗೆ ತೆಗೆದುಕೊಂಡಾಗ ಹೆಬ್ಬೆರಳು ತಾನಾಗಿಯೇ ಒಂದು ತಗ್ಗಿನಲ್ಲಿ ಹೋಗಿ ಕೂತಿತು. ಚಿಕ್ಕಂದಿನಲ್ಲಿ ಅಪ್ಪ ಹಿಂದೆ ಕೂತು ಕೈ ಹಿಡಿದು ಹೇಳಿಕೊಟ್ಟದ್ದೆಲ್ಲ ಕೈಗೆ ನೆನಪಿತ್ತು. ಎದೆಗೂಡಿನ ಕೆಳಗೆ ಚರ್ಮವನ್ನಷ್ಟೇ ಸ್ವಲ್ಪ ಕೊಯ್ದು, ಎರಡು ಬೆರಳು ಒಳಗೆ ಹಾಕಿ ಚರ್ಮವನ್ನು ಎತ್ತಿ ಹಿಡಿದು, ಬೆರಳುಗಳ ನಡುವೆ ಅಲಗಿನ ಬಾಯಿ ಮೇಲೆ ಬರುವಂತೆ ಜಾರಿಸುತ್ತ ಹೋದ. ಕರುಳಿಗೆ ಒಂದು ಗೀರೂ ಬೀಳಲಿಲ್ಲ. ಮೊಣಕೈತನಕ ಎದೆಗೂಡಿನೊಳಗೆ ಕೈ ಹಾಕಿ, ಕಣ್ಣಿಗೆ ಕಾಣದಲ್ಲಿ ಬೆರಳಿನಿಂದ ತಡವಿ ಗಂಟಲ ಕೊಳವೆ ಕತ್ತರಿಸಿದ. ಎಲ್ಲವೂ ಇಡಿಯಾಗಿ ಹೊರಗೆ ಜಾರಿ ಬಂತು, ಚಳಿಯಲ್ಲಿ ಹಬೆಯಾಡುತ್ತ.

"ಅಪ್ಪ ನೋಡಬೇಕಿತ್ತು ಭಾವ," ಎಂದ.

ಕ್ಲಾರೆನ್ಸ್ ಮೂಗೊರೆಸಿಕೊಂಡು, "ಚಳಿ," ಎಂದ.

ಈಲಿಯನ್ನು ಚೀಲಕ್ಕೆ ಹಾಕಲು ಎರಡು ಕೈ ಬೇಕಿತ್ತು. ಒಂದು ಗಳಿಗೆ ಅಷ್ಟೇ ಅಂತ ಆರ್ನೆ ಚಾಕನ್ನು ಎಲೆಗಳ ಮೇಲಿಟ್ಟ. ಆಮೇಲೆ ಕೈಯನ್ನು ಒದ್ದೆ ಪಾಚಿಯಲ್ಲಿ ಉಜ್ಜಿದ, ಕೊಂಬಿಗೆ ಹಗ್ಗ ಕಟ್ಟಿದ, ಭಾವನ ಬೆನ್ನಿಗೆ ಗುದ್ದಿದ, ಅಳುತ್ತ ನಗುತ್ತ ಜಿಂಕೆಯನ್ನು ಎಳೆದುಕೊಂಡು ಹೊರಟ. ಕ್ಯಾಂಪಿನ ಮುಂದೆ ಜಿಂಕೆಯನ್ನು ಮರಕ್ಕೆ ತೂಗುಹಾಕಿದರು. ಲಾಯ್ಡ್ ಬಂದು ಗಾಯ ಪರೀಕ್ಷಿಸಿ ಗುಂಡು ಎರಡಂಗುಲ ಹಿಂದೆ ಬಿದ್ದಿದೆ ಎಂದ. ಮಾಂಸ, ಆಲೂಗಡ್ಡೆ ತುಂಬಿದ ಬಿಸಿ ಪಾಸ್ಟಿ ಕಡುಬು ತಿನ್ನಲು ಕೂತಾಗ ಆರ್ನೆಯ ಕೈ ಸೊಂಟದ ಒರೆಗೆ ಹೋಯಿತು.

ಒರೆ ಬರಿದಾಗಿತ್ತು.

"ಒಂದ್ನಿಮಿಷ, ಹೊರಗೆ ಹೋಗಿ ಬರ್ತೀನಿ," ಎಂದು ಹೋದವನು ಬಂದದ್ದು ಮಧ್ಯಾಹ್ನ ಇಳಿದ ಮೇಲೆ. ಅಷ್ಟರಲ್ಲಿ ಸುಪೀರಿಯರ್ ಸರೋವರದ ಕಡೆಯಿಂದ ಹಿಮ ಸುರಿಯತೊಡಗಿತ್ತು. ಕಣಕಾಲುದ್ದ ಬಿದ್ದಾಗಿತ್ತು. ಕಾಡುಕಾಗೆಗಳೂ ನರಿಗಳೂ ಕರುಳನ್ನು ಎಳೆದಾಡಿ ಹಂಚಿಕೊಂಡು, ಯಾವುದು ಎಲ್ಲಿತ್ತು ಎಂಬ ಗುರುತೇ ಇಲ್ಲದಂತೆ ಮಾಡಿದ್ದವು. ಆರ್ನೆ ನಾಲ್ಕು ಕಾಲಲ್ಲಿ ತೆವಳಿದ, ಜೌಗಿನ ಪಾಚಿ ಬಗೆದ, ಕಾಗೆಗಳಿಗೆ ಬೈದ. ಸಿಕ್ಕಿದ್ದು ಒಂದು ಹಳೆಯ ಬಿಯರ್ ಡಬ್ಬಿ.

ಸೌದೆ ಒಡೆಯುತ್ತಿದ್ದ ಕ್ಲಾರೆನ್ಸನ ಮುಂದೆ ಬಂದು ನಿಂತ. "ಭಾವ, ಚಾಕು ಕಳೆದುಹೋಯ್ತು."

ಕ್ಲಾರೆನ್ಸನ ಮುಖ ಬಿಳಿಚಿತು. ಕೊಡಲಿ ಕೆಳಗಿಟ್ಟು ಕೊರಡಿನ ಮೇಲೆ ಕೂತ. ಆರ್ನೆಯ ಕೆನ್ನೆಯ ಮೇಲಿನ ಕಣ್ಣೀರು ನೋಡಿದ. ಆಮೇಲೆ, "ಅಯ್ಯೋ, ಅದಕ್ಯಾಕೆ ಅಳ್ತೀಯ? ಅದು ಅಸಲಿ ಅಲ್ಲ ಕಣೋ," ಎಂದ.

"ಅಂದ್ರೆ?"

"ಮಾವನ ಚಾಕನ್ನ ಹೋದ ವರ್ಷ ನಾನೇ ಹೀಗೇ ಕಳ್ಕೊಂಡೆ. ಅಣಬೆಗೆ ಅಂತ ವಸಂತದಲ್ಲಿ ದಿನಾ ಬಂದು ಬರಿಗೈಯಲ್ಲಿ ಹೋಗ್ತಿದ್ನಲ್ಲ, ಅಣಬೆ ಹುಡುಕ್ತಿದ್ದೆ ಅಂದ್ಕೊಂಡ್ಯಾ? ಇದು ಪೇಟೆಯ ಹಿಲ್ಮಾ ಅಂಗಡೀದು. ಹೋಗು, ಊಟದ ಹೊತ್ತಿಗೆ ಅಂಥದ್ದೇ ಒಂದು ತಂದ್ಬಿಡು. ಯಾರಿಗೂ ಗೊತ್ತಾಗಲ್ಲ." ಆರ್ನೆ ಟ್ರಕ್ಕು ಹತ್ತುವಾಗ ಹಿಂದಿನಿಂದ ಕೂಗಿದ: "ಆ ಹಿಲ್ಮಾ ಹತ್ರ ಮಾತಿಗೆ ಮಾತ್ರ ನಿಲ್ಲಬೇಡ! ಅವಳದ್ದು ಬಾಯೋ ಬಾಯಿ!"

ದಾರಿಯುದ್ದಕ್ಕೂ ಆರ್ನೆ ತನ್ನ ಎಡಗೈಯನ್ನು ನೋಡಿಕೊಂಡ. ಅಂಗಡಿಯ ಚಾಕನ್ನು ಹಿಡಿದು ಅಪ್ಪ ಸಿಕ್ಕಿದಂತೆ ಹಿಗ್ಗಿತಲ್ಲ ಈ ಪೆದ್ದು ಕೈ! ನಗು ಬಂತು. ಆದರೂ ಆ ತಗ್ಗು ಹೆಬ್ಬೆರಳಿಗೆ ನೆನಪಾಗುತ್ತಲೇ ಇತ್ತು.

ಊರಿಗೆಲ್ಲ ಇದ್ದದ್ದು ಅದೊಂದೇ ಸಾಮಾನಿನ ಅಂಗಡಿ. ಹಿಲ್ಮಾಗೆ ಎಂಬತ್ತರ ಹತ್ತಿರ. ಆರ್ನೆ ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು ಬಲ್ಲವಳು.

"ಹಿಲ್ಮಾ ಅತ್ತೆ, ಬರ್ಚ್ ಹಿಡೀದೊಂದು ಚಾಕು ಬೇಕಿತ್ತು."

ಹಿಲ್ಮಾ ಕನ್ನಡಕದ ಮೇಲಿನಿಂದ ನೋಡಿದಳು. "ಜಿಂಕೆ ಹೊಡೆದ್ಯಾ?"

"ಹೂಂ."

ಅವಳು ಎದ್ದು ಬಂದು ಅವನನ್ನು ತಬ್ಬಿಕೊಂಡಳು. ಬೆನ್ನು ತಟ್ಟಿ, "ಚಾಕು ಕಳ್ಕೊಂಡ್ಯಾ?" ಎಂದಳು.

"ನಿಮಗೆ ಯಾರು ಹೇಳಿದ್ರು?"

"ನಿಮ್ಮಪ್ಪ."

ಭಾವನ ಎಚ್ಚರಿಕೆಯನ್ನು ಮರೆತು ಆರ್ನೆ ಮಾತಿಗೆ ನಿಂತ.

"ಓಸ್ಕರ್ ತಾನೇ ಎಷ್ಟು ಸಲ ಕಳ್ಕೊಂಡಿದ್ದ ಗೊತ್ತಾ? ಪ್ರತಿ ಸಲ ಇಲ್ಲಿಂದ ಅಲಗು ತಗೊಂಡು, ನಿಮ್ಮಮ್ಮನಿಗೆ ತಿಳೀಬಾರದು ಅಂತ ನನ್ನ ಹಿತ್ತಿಲ ಕೊಟ್ಟಿಗೇಲಿ ಕೂತು ಹಿಡಿ ಕೆತ್ತೋನು. ಕೊನೇ ವರ್ಷ, ಉಸಿರಾಡೋಕೂ ಕಷ್ಟ ಅವನಿಗೆ, ಆಗ ಬಂದು ಇನ್ನೊಂದು ಕೆತ್ತಿಟ್ಟು ಹೋದ. 'ಇದು ಆರ್ನೆಗೆ. ಮೊದಲ ಜಿಂಕೆ ಹೊಡೆದ ದಿನ ಖುಷೀಲಿ ಚಾಕು ಕಳ್ಕೊಳ್ತಾನೆ, ಅಳ್ತಾ ಇಲ್ಲಿಗೇ ಬರ್ತಾನೆ. ಆಗ ಕೊಡು' ಅಂದ. ಎಡಗೈಗೆ ಅಂತಲೇ ಹೆಬ್ಬೆರಳಿಗೆ ತಗ್ಗು ಕೆತ್ತಿದ್ದ."

ಆರ್ನೆಯ ಹೆಬ್ಬೆರಳು ತಣ್ಣಗಾಯಿತು. "ಕೊಡಿ," ಎಂದ, ಉತ್ತರ ಗೊತ್ತಿದ್ದವನ ದನಿಯಲ್ಲಿ.

"ಎಲ್ಲಿಂದ ಕೊಡ್ಲಿ? ಹೋದ ತಿಂಗಳು ಕ್ಲಾರೆನ್ಸ್ ಬಂದು, 'ಮಾವನ ಚಾಕು ಕಳೆದಿದೀನಿ, ಆರ್ನೆಗೆ ಮುಖ ಹೇಗೆ ತೋರಿಸ್ಲಿ' ಅಂತ ಗೋಳಾಡ್ದ. ನೀನೋ, ಬೇಜಾರು ಮಾಡ್ಕೋಬೇಡ ಮಗಾ, ಜಿಂಕೆ ಹೊಡೆಯೋ ಲಕ್ಷಣವೇ ಇರ್ಲಿಲ್ಲ. ಕೊಟ್ಬಿಟ್ಟೆ. ಆದ್ರೆ ಇದು ಅವನದ್ದು, ಹೇಗಾದ್ರೂ ಈ ವರ್ಷ ಅವನ ಕೈ ಸೇರಿಸು ಅಂತ ಆಣೆ ಹಾಕಿಸ್ಕೊಂಡಿದ್ದೆ. ಸೇರಿಸಿದ್ನಾ?"

"ಸೇರಿಸಿದ," ಎಂದ ಆರ್ನೆ. ದಿಬ್ಬದ ಮೇಲೆ ಸಿಕ್ಕಿಹಾಕಿಕೊಂಡ ಕೋವಿ ಈಗ ಅರ್ಥವಾಯಿತು.

ಶಿಕಾರಿಯ ಮೊದಲ ದಿನವಾದ್ದರಿಂದ ಅಂಗಡಿಯಲ್ಲಿ ಚಾಕುಗಳೆಲ್ಲ ಖರ್ಚಾಗಿ ಒಂದೇ ಒಂದು ಉಳಿದಿತ್ತು. ಅದರ ಹಿಡಿ ಕಿತ್ತಳೆ ಬಣ್ಣದ್ದು.

ರಾತ್ರಿಯೂಟಕ್ಕೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಆರ್ನೆ ಹಲಗೆಯ ಮೇಲೆ ಈಲಿ ಇಟ್ಟು, ಆ ಚಾಕನ್ನು ಹೊರತೆಗೆದ. ಮೊದಲು ಬಾಯಿ ಬಿಟ್ಟವನು ಲಾಯ್ಡ್. "ಅಂತೂ ನನ್ನ ಮಾತು ಕೇಳಿದ್ಯಲ್ಲ!"

"ಅಪ್ಪನ ಚಾಕು ಕಳೆದೆ," ಎಂದ ಆರ್ನೆ. "ನನಗೆ ಅಂತಲೇ ಮಾಡಿಟ್ಟಿದ್ದನ್ನ."

ಕ್ಲಾರೆನ್ಸ್ ತಟ್ಟೆಯನ್ನೇ ನೋಡುತ್ತ, "ಮಾತಿಗೆ ನಿಲ್ಲಬೇಡ ಅಂದಿದ್ದೆ," ಎಂದು ಗೊಣಗಿದ.

"ನಿನ್ನ ಕೋವಿ ಈಗ ಸರಿಹೋಯ್ತಾ ಭಾವ?"

"ಹೂಂ. ತಾನಾಗೇ ಸರಿಹೋಯ್ತು."

ಮಾತಿಲ್ಲದ ಜಾಗವನ್ನು ಲಾಯ್ಡ್ ತಡೆದುಕೊಳ್ಳಲಾರ. "ಗುರಿ ತಪ್ಪಿದವನಿಗೇ ಅಂಗಿ ಹೋಗತ್ತೆ. ಓಸ್ಕರನ ಚಾಕು ಕಳೆದವನನ್ನ ಬಿಡೋದು ನ್ಯಾಯಾನಾ?" ಎಂದು ತೀರ್ಪು ಕೊಟ್ಟ.

ಆರ್ನೆ ಎದ್ದು, ಅಂಗಿಯ ಹಿಂಬದಿಯನ್ನು ಹೊರಗೆಳೆದು, ಹಳೆಯ ಅಭ್ಯಾಸದಂತೆ ಗೋಡೆಯ ಕಡೆ ಮುಖ ಮಾಡಿ ನಿಂತ. ಕ್ಲಾರೆನ್ಸ್ ಕಿತ್ತಳೆ ಹಿಡಿಯ ಚಾಕು ತೆಗೆದುಕೊಂಡು ಹಿಂದೆ ಬಂದ. ತಣ್ಣನೆಯ ಅಲಗು ಬೆನ್ನಿಗೆ ಒಂದಿಷ್ಟು ತಗುಲಿತು. ಬಟ್ಟೆ ಚರ್ರೆಂದಿತು. ಆರ್ನೆ ಉಸಿರು ಬಿಗಿಹಿಡಿದು, ಹಿಂದಿನಿಂದ ಬರಬೇಕಾದ ನಗುವಿಗೆ ಕಾದ.

"ಬರೋ ವರ್ಷ ನೋಡೋಣ ಬಿಡೋ," ಎಂದ ಕ್ಲಾರೆನ್ಸ್, ಮೊಳೆ ಹುಡುಕುತ್ತ.