ಎಪ್ಪತ್ತು ಡಿಗ್ರಿಗೆ ನಿಂತ ಆನೆ

"ನಾನು ಇರೋತನಕ ಈ ಮನಿ ಕಂಪ್ಯೂಟರಿಗೆ ಹೊರಗಿನವರ ಸ್ಕ್ರೂಡ್ರೈವರ್ ತಾಗಬಾರದು!"

ಹೀಗೆಂದು ನಾನು ಘೋಷಿಸಿದ್ದು ೨೦೦೩ರ ಮೇ ತಿಂಗಳ ಒಂದು ಸೋಮವಾರ, ವಡೋದರಾದ ನಮ್ಮ ಬಾಡಿಗೆ ಫ್ಲ್ಯಾಟಿನ ಹಾಲಿನಲ್ಲಿ, ಬನಿಯನ್, ಲುಂಗಿಯಲ್ಲಿ ನಿಂತು. ಸಭಿಕರು ಇಬ್ಬರು: ಹೆಂಡತಿ ಹೇಮಲತಾ, ಮತ್ತು ಒಂಬತ್ತನೇ ಕ್ಲಾಸಿನ ಮಗಳು ವಿಂಧ್ಯಾ. ಚಪ್ಪಾಳೆ ಬೀಳಲಿಲ್ಲ. ಹೊರಗೆ ನಲವತ್ತಮೂರು ಡಿಗ್ರಿ ಬಿಸಿಲು. ಅಂಥ ಬಿಸಿಲಲ್ಲಿ ಯಾರಿಗೆ ತಾನೇ ಕೈ ಎತ್ತುವ ಉಮೇದು ಇರುತ್ತದೆ?

ಘೋಷಣೆಗೆ ಆಧಾರ ಇಲ್ಲದಿರಲಿಲ್ಲ. ನಾನು ಲಿಂಗರಾಜ, ವಿಮಾ ಕಂಪನಿಯ ಕ್ಲೇಮು ಅಧಿಕಾರಿ. ಧಾರವಾಡದಿಂದ ವರ್ಗವಾಗಿ ಇಲ್ಲಿಗೆ ಬಂದು ನಾಲ್ಕು ವರ್ಷ. ಕಾರ್ಖಾನೆಯಲ್ಲಿ ಮೋಟಾರು ಸುಟ್ಟರೆ, ಬಾಯ್ಲರ್ ಒಡೆದರೆ, ಅಲ್ಲಿಗೆ ಹೋಗಿ, ಮೂಸಿ, ಮುಟ್ಟಿ, ಅದು ಯಾರ ತಪ್ಪು ಎಂದು ವರದಿ ಬರೆಯುವುದು ನನ್ನ ಕೆಲಸ. ಹದಿನೆಂಟು ವರ್ಷ ಬೇರೆಯವರ ತಪ್ಪು ಹುಡುಕಿಯೇ ಅನ್ನ ತಿಂದವನು. ಅಂಥ ನನ್ನ ಮನೆಯಲ್ಲೇ ಒಂದು ಯಂತ್ರ ಕೆಡುವುದೆಂದರೇನು!

ಕೆಟ್ಟದ್ದು ಹೀಗೆ. ಹೇಮಾಳ ಅಜ್ಜಿ ಗೌರಮ್ಮನವರದು ಒಂದು ಹಳೆಯ ಇಳಕಲ್ ಸೀರೆ ನಮ್ಮ ಮನೆಯಲ್ಲಿದೆ. ಅದರ ತುಂಬ ಅಜ್ಜಿಯೇ ಕೈಯಾರೆ ಹಾಕಿದ ಕಸೂತಿ: ಗೋಪುರ, ನವಿಲು, ತುಳಸಿ ಕಟ್ಟೆ, ಅಂಬಾರಿ ಹೊತ್ತ ಆನೆ. ಸೀರೆ ಈಗ ಎಷ್ಟು ಜೀರ್ಣವಾಗಿದೆಯೆಂದರೆ ಬಿಚ್ಚಿದರೆ ಹರಿಯುತ್ತದೆ, ಮಡಚಿದರೂ ಹರಿಯುತ್ತದೆ. ಆನೆ ಪೂರಾ ಹೋಗುವ ಮೊದಲು ಅದನ್ನು ಉಳಿಸಿಕೊಳ್ಳಬೇಕೆಂದು ಹೇಮಾ ಪಣ ತೊಟ್ಟಿದ್ದಳು. ಎಳೆ ಎಣಿಸಿ ಹಾಕುವ ಕಸೂತಿಗೂ, ಚುಕ್ಕೆ ಚುಕ್ಕೆ ಸೇರಿಸುವ ಕಂಪ್ಯೂಟರಿನ ಚಿತ್ರಕ್ಕೂ ಬಹಳ ವ್ಯತ್ಯಾಸ ಇಲ್ಲವೆಂಬುದು ಅವಳು ತಾನೇ ಕಂಡುಕೊಂಡ ಸತ್ಯ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದು ಕೈಯಲ್ಲಿ ಮೌಸು ಹಿಡಿದು, ಎರಡು ತಿಂಗಳಿಂದ ಸೀರೆಯ ಒಂದೊಂದು ಹೊಲಿಗೆಯನ್ನೂ ಪರದೆಯ ಮೇಲೆ ಒಂದೊಂದು ಚುಕ್ಕೆ ಮಾಡಿ ಇಳಿಸುತ್ತಿದ್ದಳು. ಕನ್ನಡ ಸಂಘದ ಪದ್ಮಾವತಿಯವರು ಬರುವ ಭಾನುವಾರ ಕಸೂತಿ ಪ್ರದರ್ಶನ ಇಟ್ಟಿದ್ದರು. ಶನಿವಾರ ಸಂಜೆ ನಾಲ್ಕರೊಳಗೆ ಚಿತ್ರ ಪ್ರಿಂಟಾಗಿ ಅವರ ಕೈಸೇರಬೇಕು. ಬಂದ ಹೆಂಗಸರೆಲ್ಲ ಒಂದೊಂದು ಪ್ರತಿ ಒಯ್ದು ಹೊಲಿಯಬೇಕು. ಗೌರಮ್ಮನ ಆನೆ ನೂರು ಮನೆಗಳಲ್ಲಿ ನಡೆದಾಡಬೇಕು!

ಗೋಪುರ ಮುಗಿದಿತ್ತು, ನವಿಲು ಮುಗಿದಿತ್ತು. ಆನೆಗೂ ಮೂರು ಕಾಲು ಆಗಿದ್ದವು. ನಾಲ್ಕನೆಯ ಕಾಲಿಗೆ ಕೈ ಹಚ್ಚಿದ್ದೇ ತಡ, ಕಂಪ್ಯೂಟರು ಟಪ್ ಎಂದು ಬಂದ್ ಆಯಿತು.

"ರೀ, ಆನಿ ಕಾಲು ಹೋತು!" ಎಂದು ಹೇಮಾ ಕೂಗಿದಳು. ಆಗ ಹುಟ್ಟಿದ್ದೇ ಮೇಲಿನ ಘೋಷಣೆ.

ಎಲ್ಲ ಯಂತ್ರಗಳಿಗೂ ಮೊದಲು ಮೈ ಮುಟ್ಟಿ ನೋಡಬೇಕು. ಕಂಪ್ಯೂಟರಿನ ಡಬ್ಬಿ ಕಾದ ಹಂಚಾಗಿತ್ತು. ನಾನು ಕುರ್ಚಿ ಎಳೆದುಕೊಂಡು ಪಾಠ ಶುರು ಮಾಡಿದೆ.

"ನೋಡು ಹೇಮಾ, ಇದರ ಮಿದುಳಿಗೆ ಪ್ರೊಸೆಸರ್ ಅಂತಾರ. ವಿಚಾರ ಮಾಡಿದಷ್ಟೂ ಬಿಸಿ ಆಗತೈತಿ. ಅದರ ಮ್ಯಾಲೆ ಅಲ್ಯುಮಿನಿಯಮ್ ಪಟ್ಟಿ, ಪಟ್ಟಿ ಮ್ಯಾಲೆ ಒಂದು ಸಣ್ಣ ಫ್ಯಾನು. ಎಪ್ಪತ್ತು ಡಿಗ್ರಿ ದಾಟಿದ್ರ ತಾನ ಬಂದ್ ಆಗತೈತಿ. ಗಾಬರಿ ಆಗಬಾರದು. ಹತ್ತು ನಿಮಿಷ ಆರಾಕ ಬಿಟ್ಟು ಮತ್ತ ಚಾಲೂ ಮಾಡಬೇಕು. ತಿಳೀತ?"

"ತಿಳೀತ್ರಿ. ವಿಚಾರ ಮಾಡಿದ್ರ ಬಿಸಿ ಆಗತೈತಿ. ಅದಕ ನೀವು ಯಾವಾಗ್ಲೂ ತಣ್ಣಗ ಇರ್ತೀರಿ," ಎಂದಳು. ಮಹತ್ಕಾರ್ಯಕ್ಕೆ ಇಳಿದವನು ಇಂಥ ಮಾತನ್ನು ಕಿವಿಗೆ ಹಾಕಿಕೊಳ್ಳಬಾರದು.

ಚಿಕಿತ್ಸೆ ಆರಂಭವಾಯಿತು. ಮೊದಲ ದಿನ ಡಬ್ಬಿಯ ಪಕ್ಕದ ತಗಡು ಬಿಚ್ಚಿದೆ. ಎರಡನೆಯ ದಿನ ಟೇಬಲ್ ಫ್ಯಾನು ತಂದು ಅದರ ಹೊಟ್ಟೆಗೆ ಮುಖ ಮಾಡಿ ಇಟ್ಟೆ. ಗೋಡೆಯ ಕ್ಯಾಲೆಂಡರಿನ ಹಿಂದೆ ಜ್ವರದ ತಖ್ತೆ ಬರೆದೆ: ಬೆಳಿಗ್ಗೆ ಎಂಟು, ಅರವತ್ತೆರಡು, ಎಂಟೂಕಾಲು, ಅರವತ್ತೈದು. ಒಂದೇ ತೊಡಕು. ಈ ಉಷ್ಣತೆ ಕಾಣುವ ನೀಲಿ ಪರದೆ ಬರುವುದು ಕಂಪ್ಯೂಟರು ಹೊಸದಾಗಿ ಶುರುವಾಗುವಾಗ ಮಾತ್ರ. ಆದ್ದರಿಂದ ಹದಿನೈದು ನಿಮಿಷಕ್ಕೊಮ್ಮೆ ಹೇಮಾಳನ್ನು ಎಬ್ಬಿಸಿ, ಆನೆಯನ್ನು ಮುಚ್ಚಿಸಿ, ಯಂತ್ರ ಆರಿಸಿ, ಮತ್ತೆ ಹಚ್ಚಿ, ಡಿಗ್ರಿ ನೋಡಿ ಬರೆದುಕೊಳ್ಳುತ್ತಿದ್ದೆ.

"ಜ್ವರ ನೋಡಾಕಂತ ರೋಗೀನ ನಿದ್ದಿಯಿಂದ ಎಬ್ಬಿಸಿ ಎಬ್ಬಿಸಿ ಕೊಲ್ಲಾಕತ್ತೀರಲ್ರಿ!"

"ದಾಖಲಾತಿ ಇಲ್ಲದ ತನಿಖೆ ತನಿಖೇನ ಅಲ್ಲ!" ಎಂದೆ.

"ಪಪ್ಪಾ, ಪ್ಲೀಸ್, ನಮ್ಗೆ ಫ್ಯಾನ್ ಚಾಹಿಯೇ," ಎಂದಳು ವಿಂಧ್ಯಾ, ನೋಟುಬುಕ್ಕಿನಿಂದ ಗಾಳಿ ಹಾಕಿಕೊಳ್ಳುತ್ತ. ನಮ್ಮ ಮಗಳು ಕನ್ನಡದಲ್ಲಿ ಆರಂಭಿಸಿದ ವಾಕ್ಯ ಯಾವ ರಾಜ್ಯದಲ್ಲಿ ಮುಗಿಯುವುದೋ ಹೇಳಲಾಗದು.

ಫ್ಯಾನು ಕೊಡುವುದಿರಲಿ, ಮೂರನೆಯ ದಿನ ಮಲಗುವ ಕೋಣೆಯ ಕೂಲರನ್ನೇ ಎಳೆದು ತಂದೆ. ಲಾವಂಚದ ಬೇರಿನ ಪರದೆಯದು, ನೀರು ತುಂಬಿದರೆ ಇಡೀ ಮನೆ ಘಮಘಮ. ಅದನ್ನು ಡಬ್ಬಿಯ ಎದುರು ನಿಲ್ಲಿಸಿದೆ. ಅರ್ಧ ಗಂಟೆಯಲ್ಲಿ ಕಂಪ್ಯೂಟರಿನ ಗಾಜಿಗೆ ಬೆವರು ಬಂತು, ಮೌಸು ಒದ್ದೆಯಾಯಿತು, ಸೀರೆಯನ್ನು ಹೇಮಾ ಎದೆಗವಚಿಕೊಂಡು ಓಡಿದಳು. ಯಂತ್ರ ಇಪ್ಪತ್ತೈದು ನಿಮಿಷ ತಾಳಿತು. ಗೆದ್ದೆ ಎಂದುಕೊಂಡೆ. ಹೇಮಾ ಮರಳಿ ಬಂದು ನಾಲ್ಕನೆಯ ಕಾಲಿನ ತೊಡೆಯವರೆಗೆ ಬಂದಿದ್ದಳು, ಟಪ್!

ಮೂರು ಮಂದಿ ಮನುಷ್ಯರು ಫ್ಯಾನಿಲ್ಲದೆ, ಕೂಲರಿಲ್ಲದೆ ಬೇಯುತ್ತಿದ್ದೆವು. ಮನೆಯಲ್ಲಿ ಸುಖವಾಗಿದ್ದದ್ದು ಆ ಡಬ್ಬಿ ಒಂದೇ, ಕೆಟ್ಟದ್ದೂ ಅದೊಂದೇ.

ಗುರುವಾರ ಆಫೀಸಿನಿಂದ ಬಂದವನೇ ಶಸ್ತ್ರಕ್ರಿಯೆಗೆ ಇಳಿದೆ. ಸಣ್ಣ ಫ್ಯಾನು ಬಿಚ್ಚಿ ಟಾರ್ಚು ಬಿಟ್ಟು ನೋಡುತ್ತೇನೆ, ಅಲ್ಯುಮಿನಿಯಮ್ ಪಟ್ಟಿಗಳ ಸಂದಿಯಲ್ಲೆಲ್ಲ ಬಿಳಿಯ ಗಟ್ಟಿ ಪದರ! ಒಂದು ಕಡೆಯಿಂದ ಇನ್ನೊಂದು ಕಡೆಗೆ ಗಾಳಿ ಹಾಯಲು ಕೂದಲೆಳೆಯಷ್ಟು ದಾರಿ ಇಲ್ಲ. ಉಗುರಿನಿಂದ ಕೆರೆದೆ. ಬೆರಳಿನಲ್ಲಿ ತಿಕ್ಕಿದೆ. ಮೂಸಿದೆ. ಹದಿನೆಂಟು ವರ್ಷದ ಅನುಭವ ಸುಮ್ಮನೆ ಹೋಗುತ್ತದೆಯೇ? ಜೋಳದ ಹಿಟ್ಟು!

ಆಹಾ, ಸಿಕ್ಕಿಬಿದ್ದಳು! ಗುಜರಾತಿನಲ್ಲಿದ್ದರೂ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ತಪ್ಪಿಲ್ಲ. ದಿನಾ ಬೆಳಿಗ್ಗೆ ಹೇಮಾ ಪಟಪಟ ಬಡಿಯುತ್ತಾಳೆ. ಹಿಟ್ಟು ಹಾರುತ್ತದೆ. ಯಂತ್ರ ಉಸಿರಿನ ಜೊತೆ ಒಳಗೆ ಎಳೆದುಕೊಳ್ಳುತ್ತದೆ. ಕೂಡಲೇ ಆಫೀಸಿನ ಶೈಲಿಯಲ್ಲಿ ವರದಿ ಬರೆದು ಗಟ್ಟಿಯಾಗಿ ಓದಿದೆ.

"ಅವಘಡದ ಕಾರಣ: ಗೃಹಿಣಿಯ ನಿರ್ಲಕ್ಷ್ಯ. ಶಿಫಾರಸು: ಮುಂದಿನ ಆದೇಶದವರೆಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸತಕ್ಕದ್ದು."

ಹೇಮಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಆಗಲಿ ಬಿಡ್ರಿ," ಎಂದಷ್ಟೇ ಅಂದಳು. ತಪ್ಪಿತಸ್ಥರು ಮಾತಾಡುವುದು ಕಡಿಮೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಅಂದು ರಾತ್ರಿ ಊಟಕ್ಕೆ ಅಂಗಡಿಯ ಗರಿಗರಿ ಖಾಖ್ರಾ ಚಪಾತಿ, ಮರುದಿನ ಬೆಳಿಗ್ಗೆಯೂ ಖಾಖ್ರಾ. ರೊಟ್ಟಿಯ ಹೊಟ್ಟೆಗೆ ಅದು ಹಪ್ಪಳ ತಿಂದಷ್ಟೇ ಆಯಿತು. ಆದರೂ ನ್ಯಾಯದ ಹಾದಿ ಯಾವತ್ತೂ ಕಠಿಣ.

ಶುಕ್ರವಾರ ಬೆಳಿಗ್ಗೆ ಆ ಅಲ್ಯುಮಿನಿಯಮ್ ಗಟ್ಟಿಯನ್ನು ಪೂರ್ತಿ ಕಿತ್ತು, ನಲ್ಲಿಯ ಕೆಳಗೆ ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆದು, ಒಣಗಿಸಿದೆ. ಅದರ ಅಡಿಗೂ ಪ್ರೊಸೆಸರಿನ ನೆತ್ತಿಗೂ ಬೂದು ಬಣ್ಣದ ಒಂದು ಥರ ಜಿಗುಟು ಮೆತ್ತಿಕೊಂಡಿತ್ತು. ಕೊಳೆ! ಅದನ್ನೂ ಹತ್ತಿಯಿಂದ ಫಳಫಳ ಒರೆಸಿದೆ. ಎಲ್ಲ ಜೋಡಿಸಿ, "ಹೇಮಾ, ಬಾ, ಆನಿಗೆ ಎಷ್ಟು ಕಾಲು ಬೇಕೋ ಹಾಕ್ಕೋ!" ಎಂದೆ.

ಅವಳು ಬಂದು ಕೂತಳು. ಮೂರು ಕಾಲಿನ ಆನೆ ಪರದೆಯ ಮೇಲೆ ಮೂಡಿತು. ಮೂಡಿದ್ದಷ್ಟೇ. ಟಪ್! ಮತ್ತೆ ಹಚ್ಚಿದೆ. ಈ ಸಲ ಆನೆಯೂ ಬರಲಿಲ್ಲ. ಮೊದಲು ಇಪ್ಪತ್ತೈದು ನಿಮಿಷ ಬದುಕುತ್ತಿದ್ದ ರೋಗಿ ನನ್ನ ಶಸ್ತ್ರಕ್ರಿಯೆಯ ನಂತರ ಒಂದು ನಿಮಿಷಕ್ಕೆ ಇಳಿದಿದ್ದ!

ಹೇಮಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೀರೆಯನ್ನು ಮೆಲ್ಲಗೆ ಬಿಳಿ ಬಟ್ಟೆಯಲ್ಲಿ ಸುತ್ತತೊಡಗಿದಳು.

"ಹೋಗಲಿ ಬಿಡ್ರಿ. ಅಜ್ಜಿ ಈ ಆನಿ ಹಾಕಬೇಕಾದ್ರ ಕಂದೀಲ ಬೆಳಕಿನಾಗ ಆರು ತಿಂಗಳು ಕೂತಿದ್ಲಂತ. ಕಣ್ಣು ಮಂಜಾದವು, ಆದ್ರೂ ಒಂದು ಹೊಲಿಗಿ ತಪ್ಪಿಲ್ಲ. ನನಗ ಕರೆಂಟು, ಕಂಪ್ಯೂಟರು ಎಲ್ಲಾ ಇದ್ದೂ ಒಂದು ಕಾಲು ಮುಗಸಾಕ ಆಗಲಿಲ್ಲ ನೋಡ್ರಿ."

ನಾನು ಶರ್ಟು ಹಾಕಿಕೊಂಡು ಸ್ಕೂಟರ್ ಹತ್ತಿ ನೇರ ಮನೋಜ್‌ಭಾಯಿಯ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ ಕೈ ಮುಗಿದೆ. ಘೋಷಣೆಗೆ ಆಯಸ್ಸು ಐದೇ ದಿನ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮನೋಜ್‌ಭಾಯಿ ಬಂದ. ಐವತ್ತರ ಆಸುಪಾಸಿನ ಶಾಂತ ಮನುಷ್ಯ. ತಗಡಿಲ್ಲದ ಡಬ್ಬಿ, ಟೇಬಲ್ ಫ್ಯಾನು, ಕೂಲರು, ಗೋಡೆಯ ಜ್ವರದ ತಖ್ತೆ, ಎಲ್ಲವನ್ನೂ ಒಂದು ಸುತ್ತು ನೋಡಿದ. ಆಸ್ಪತ್ರೆಗೆ ಬಂದವನಂತೆ ಚಪ್ಪಲಿ ಹೊರಗೆ ಬಿಟ್ಟ. ಅಲ್ಯುಮಿನಿಯಮ್ ಗಟ್ಟಿ ಎತ್ತಿ, ಅಡಿಯನ್ನು ನೋಡಿ ಹಿಂದಿಯಲ್ಲಿ ಕೇಳಿದ.

"ಸಾಹೇಬ್, ಇಲ್ಲಿ ಬೂದು ಬಣ್ಣದ ಪೇಸ್ಟ್ ಇತ್ತಲ್ಲ, ಯಾರು ಒರೆಸಿದರು?"

ಪ್ರೊಸೆಸರಿನ ಬಿಸಿಯನ್ನು ಅಲ್ಯುಮಿನಿಯಮ್ಮಿಗೆ ದಾಟಿಸುವುದೇ ಆ ಪೇಸ್ಟಂತೆ! ನಾನು ಕಿಟಕಿಯಾಚೆ ಯಾವುದೋ ಹಕ್ಕಿಯನ್ನು ನೋಡಿದೆ. ಮನೋಜ್‌ಭಾಯಿ ಹೊಸ ಪೇಸ್ಟು ಹಚ್ಚಿದ. ಬಳಿಕ ಡಬ್ಬಿಯನ್ನು ಬಾಲ್ಕನಿಗೆ ಒಯ್ದು ಬ್ಲೋವರ್ ಬಿಟ್ಟ. ಬುಸ್! ಮೂಲೆಮೂಲೆಯಿಂದ ಬಿಳಿಯ ಮೋಡ ಎದ್ದಿತು. ಅವನ ಮೀಸೆ ಹಣ್ಣಾಯಿತು. ತುಟಿಗೆ ಹತ್ತಿದ್ದನ್ನು ನಾಲಿಗೆಯಿಂದ ನೆಕ್ಕಿ ಬೆರಗಾದ.

"ಆ ತೋ ಜುವಾರ್‌ನೋ ಲೋಟ್ ಛೇ!"

ಜೋಳದ ಹಿಟ್ಟು! ಮೂರನೆಯವರ ಸಾಕ್ಷಿ ಸಿಕ್ಕಿತು! ನಾನು ಎದೆಯುಬ್ಬಿಸಿ, ಇದೆಲ್ಲ ರೊಟ್ಟಿ ಬಡಿಯುವುದರ ಪರಿಣಾಮ ಎಂದು ವರದಿಯ ಸಾರಾಂಶ ಹೇಳಿದೆ. ಮನೋಜ್‌ಭಾಯಿ ಅಡುಗೆಮನೆಗೆ ಹೋಗಿ ಬಂದ. ತಲೆ ಅಲ್ಲಾಡಿಸಿದ.

"ಅಡುಗೆಮನೆ ಆ ತುದಿಗೆ. ನಡುವೆ ಬಾಗಿಲು. ಒಳಗೆ ಹೊಗೆ ಹೊರಹಾಕುವ ಫ್ಯಾನು. ಅಲ್ಲಿಂದ ಇಷ್ಟು ಹಿಟ್ಟು ಇಲ್ಲಿಗೆ ಬರುವುದಿಲ್ಲ ಸಾಹೇಬ್. ಯಾರೋ ಈ ಡಬ್ಬಿಯ ಪಕ್ಕದಲ್ಲೇ ಕೂತು ಹಿಟ್ಟು ಹಾರಿಸಿದ್ದಾರೆ."

"ಪಪ್ಪಾ!" ಎಂದು ವಿಂಧ್ಯಾ ಕಿರುಚಿದಳು. "ಸಾಣಿಗಿ! ವರ್ಲ್ಡ್ ಕಪ್ ಟೈಮಲ್ಲಿ!"

ಓದುಗರೇ, ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಮನೆಗೆಲಸದಲ್ಲಿ ನನ್ನದೂ ಒಂದು ಪಾಲು ಉಂಟು, ಅದನ್ನು ನಾಲ್ಕು ಜನರೆದುರು ಹೇಳಿಕೊಳ್ಳುತ್ತಲೂ ಇರುತ್ತೇನೆ: ಪ್ರತಿ ಭಾನುವಾರ ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಸಾಣಿಸಿಕೊಡುವುದು ನಾನೇ. ಸಾಣಿಸುವುದು ಎಲ್ಲಿ? ಹಾಲಿನಲ್ಲಿ, ಟಿವಿಯ ಮುಂದೆ. ಟಿವಿಯ ಪಕ್ಕದಲ್ಲೇ, ನೆಲದ ಮೇಲೆ, ಕಂಪ್ಯೂಟರಿನ ಡಬ್ಬಿ. ನನ್ನ ಬೆನ್ನಿಗೆ ಟೇಬಲ್ ಫ್ಯಾನು. ಫೆಬ್ರವರಿ, ಮಾರ್ಚಿನಲ್ಲಿ ವಿಶ್ವಕಪ್ಪು ನಡೆದಿತ್ತು. ನಮ್ಮವರು ಫೋರ್ ಹೊಡೆದಾಗಲೆಲ್ಲ ಸಾಣಿಗೆ ನನ್ನ ಕೈಯಲ್ಲಿ ತಾನೇ ಕುಣಿದಿತ್ತು. ಸಿಕ್ಸರಿಗೆ ಎರಡೂ ಕೈ ಮೇಲೆತ್ತಿದ್ದೆ, ಸಾಣಿಗೆ ಸಮೇತ!

"ಹೇಮಾ, ನಿನಗ ಮೊದಲ ಗೊತ್ತಿತ್ತ?"

"ನೀವು ಹಿಟ್ಟು ಅಂದಾಗ್ಲೇ ಗೊತ್ತಾತು."

"ಮತ್ತ ಹೇಳಲಿಲ್ಲ ಯಾಕ?"

"ವರದಿ ಬರದು ಸಹಿ ಮಾಡಿದ ಮ್ಯಾಲೆ ಓದಿದ್ರಿ. ಸಾಕ್ಷಿ ಕೇಳಿದ್ರ ಹೇಳ್ತಿದ್ದೆ," ಎಂದು ಹೇಮಾ ಮೌಸು ಹಿಡಿದು ಕೂತಳು.

ಯಂತ್ರ ನಲವತ್ತೆಂಟು ಡಿಗ್ರಿಗೆ ನಿಂತು ತಣ್ಣಗೆ ಉಸಿರಾಡಿತು. ಮಧ್ಯಾಹ್ನ ಎರಡೂವರೆಗೆ ಗೌರಮ್ಮನ ಆನೆ ನಾಲ್ಕು ಕಾಲ ಮೇಲೆ ನಿಂತಿತು. ಮೂರೂಮುಕ್ಕಾಲಿಗೆ ನಾನೇ ಸ್ಕೂಟರಿನಲ್ಲಿ ಒಯ್ದು ಪದ್ಮಾವತಿಯವರ ಕೈಗೆ ಪ್ರಿಂಟು ಕೊಟ್ಟೆ. ಮರುದಿನ ಪ್ರದರ್ಶನದಲ್ಲಿ ನಾಲ್ಕು ಗುಜರಾತಿ ಹೆಂಗಸರು ಆ ಹಾಳೆ ಹಿಡಿದು, ಆನೆಯ ಕಾಲಿನ ಹೊಲಿಗೆ ಎಣಿಸುತ್ತ ನಿಂತಿದ್ದರು. ಹೇಮಾ ಅವರಿಗೆ ತನ್ನ ಹರಕು ಗುಜರಾತಿಯಲ್ಲಿ ಅಜ್ಜಿಯ ಕಥೆ ಹೇಳುತ್ತಿದ್ದಳು. ಅವಳ ಕಣ್ಣು ತುಂಬಿತ್ತು. ನನಗೆ ಬಹಳ ಸಂತೋಷವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಅದರ ಮುಂದಿನ ಭಾನುವಾರ ಹೊಸ ಆದೇಶ ಜಾರಿಗೆ ಬಂತು. ಸಾಣಿಸುವ ಕೆಲಸ ನನ್ನದೇ, ಆದರೆ ಜಾಗ ತಾರಸಿ. ಹೊತ್ತು ಏರಿತ್ತು. ಕೆಳಗೆ ಡಬ್ಬಿ ಕೂಲರಿನ ತಂಪಿನಲ್ಲಿ ಲಾವಂಚ ಮೂಸುತ್ತ ಕೂತಿತ್ತು. ಮೇಲೆ ನಾನು ನಲವತ್ತನಾಲ್ಕರ ಬಿಸಿಲಲ್ಲಿ, ತಲೆಗೆ ಟವೆಲು ಸುತ್ತಿ, ಐದು ಕಿಲೋ ಹಿಟ್ಟು ಸಾಣಿಸಿದೆ. ಬೆವರಿಗೆ ಹಿಟ್ಟು ಹತ್ತಿ ಮೈಯೆಲ್ಲ ಕಣಕವಾಯಿತು. ಮೆಟ್ಟಿಲಿಳಿದು ಬಾಗಿಲಲ್ಲೇ ಕುಸಿದು ಕೂತೆ.

ವಿಂಧ್ಯಾ ಓಡಿ ಬಂದು ನನ್ನ ಹಣೆ ಮುಟ್ಟಿದಳು. "ಮಮ್ಮೀ, ಪಪ್ಪಾ ಬಹುತ್ ಗರಂ ಇದ್ದಾರೆ! ಮಾತಾಡ್ತಾನೇ ಇಲ್ಲ!"

ಹೇಮಾ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಎಪ್ಪತ್ತು ದಾಟಿರಬೇಕು, ತಾವ ಬಂದ್ ಆಗ್ಯಾರ. ಗಾಬರಿ ಆಗಬ್ಯಾಡ. ಹತ್ತು ನಿಮಿಷ ಆರಾಕ ಬಿಟ್ಟು ಮತ್ತ ಚಾಲೂ ಮಾಡು!"