ಅತ್ತೆ ಬೋರ್ಡು ಓದಿದರೆ ಕೆಟ್ಟೆವು!

ನಮ್ಮ ಸೋದರತ್ತೆಯ ಜೊತೆ ಸವದತ್ತಿಯಿಂದ ರಾಮದುರ್ಗದವರೆಗೆ ಬಸ್ಸಿನಲ್ಲಿ ಬಂದು, ಮಾನ ಉಳಿಸಿಕೊಂಡು ಇಳಿದವರು ಯಾರಾದರೂ ಇದ್ದರೆ ಹೇಳಿ, ಶಾಲು ಹೊದಿಸಿ ಸತ್ಕಾರ ಮಾಡುತ್ತೇನೆ! ಅತ್ತೆ ಜಗಳಗಂಟಿಯಲ್ಲ. ಅರವತ್ತು ದಾಟಿದ ಮೇಲೆ ಮೊಮ್ಮಗಳ ಪಾಟಿ ಹಿಡಿದು ಅಕ್ಷರ ಕಲಿತವಳು, ಅಷ್ಟೇ. ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದುತ್ತಾಳೆ. ಓದಿದ್ದನ್ನು ಕೂಡಲೇ ಜಾರಿಗೂ ತರುತ್ತಾಳೆ.

ಬಸ್ಸಿನಲ್ಲಿ "ಮ... ಹಿ... ಳೆ... ಯ... ರಿ... ಗೆ" ಎಂದು ಶುರುವಾದರೆ, "ಮೀಸಲು" ಮುಗಿಯುವಷ್ಟರಲ್ಲಿ ಗಂಡಸರು ಎದ್ದು ನಿಂತಿರಬೇಕು. ಒಮ್ಮೆ ಹಾಗೆ ಎದ್ದವರಲ್ಲಿ ನಾನು ಕಲಿಸುವ ಹೈಸ್ಕೂಲಿನ ಹೆಡ್‌ಮಾಸ್ತರರೂ ಇದ್ದರು!

"ಇವರು ನಿಮಗೇನಾಗಬೇಕ್ರಿ?" ಎಂದು ಅವರು ನನ್ನನ್ನು ಕೇಳಿದರು.

ನಾನು ಕಿಟಕಿಯಾಚೆಯ ಜೋಳದ ಹೊಲ ನೋಡುತ್ತ, "ಯಾರೋ ಏನೋ ಸರ" ಎಂದೆ. ಅಷ್ಟರಲ್ಲಿ ಮುಂದಿನಿಂದ ಅತ್ತೆಯ ಕೂಗು: "ಏ ತಮ್ಮಾ, ನನ್ನ ಆಧಾರ ಕಾರ್ಡ ನಿನ್ನ ಕಿಸೇದಾಗ ಐತಿ, ಕೊಡ ಇತ್ತಾಗ!"

ದವಾಖಾನೆಯಲ್ಲಿ "ನಿಶ್ಶಬ್ದವಾಗಿರಿ" ಎಂಬ ಫಲಕವನ್ನು ಅತ್ತೆ ಓದಿದ ದಿನ, ಮಲಗಿದ್ದ ರೋಗಿಗಳೆಲ್ಲ ಎದ್ದು ಕುಳಿತರು.

"ಯಾರ್ರೀ ಅದು ಒದರಾಕ ಹತ್ತಿದ್ದು?" ಎಂದು ನರ್ಸ್ ಓಡಿ ಬಂದರು.

"ನಾ ಅಲ್ಲವ್ವಾ, ನಿಮ್ಮ ಬೋರ್ಡ!"

ಇಂಥವಳು ಒಂದು ಮಧ್ಯಾಹ್ನ ನನಗೆ ಬುತ್ತಿ ಕೊಡಲು ನಮ್ಮ ಹೈಸ್ಕೂಲಿಗೇ ಬರಬೇಕೆ? ನಾನು ಕನ್ನಡ ಮಾಸ್ತರ. ಮಕ್ಕಳು ಓದುವುದಿಲ್ಲ ಎಂಬ ನನ್ನ ಭಾಷಣವನ್ನು ಬೈಲಹೊಂಗಲದಿಂದ ಕಿತ್ತೂರಿನವರೆಗೆ ಕೇಳದವರಿಲ್ಲ. ಹಾಳೆ ಹರಿದಾವೆಂದು ಶಾಲೆಯ ಪುಸ್ತಕದ ಕೋಣೆಗೆ ಕೀಲಿ ಜಡಿದವನೂ ನಾನೇ! ಒಂಬತ್ತನೆಯ ತರಗತಿಯ ರೇಶ್ಮಾ ಓದುವಾಗ ತಡವರಿಸುತ್ತಾಳೆ, ಎಲ್ಲರೂ ನಗುತ್ತಾರೆ. ಅದಕ್ಕೇ ಶಾಲೆ ಬಿಡುತ್ತೇನೆಂದು ಆ ವಾರ ಹಟ ಹಿಡಿದಿದ್ದಳು. ನಾನು ಮಾಡಿದ ಉಪಾಯವೇನು? ಇನ್ನೊಂದು ಭಾಷಣ.

ಅತ್ತೆ ಕೋಣೆಯ ಫಲಕ ಓದಿದಳು: "ಬ... ನ್ನಿ, ಓ... ದಿ." ಕೀಲಿ ನೋಡಿದಳು. ನನ್ನನ್ನೂ ನೋಡಿದಳು.

"ಏ ಮಾಸ್ತರಾ, ಬರ್ರಿ ಅಂತ ಕರದು ಬಾಗಲಾ ಹಾಕ್ಕೊಂಡಿಯಲ್ಲೋ! ಬೀಗರಿಗೆ ಹಿಂಗ ಮಾಡಿದ್ರ ಯಾರರ ಹೆಣ್ಣ ಕೊಡತಾರೇನು?"

ಒಂಬತ್ತನೆಯ ತರಗತಿಯವರೆಲ್ಲ ನೋಡುತ್ತಿದ್ದರು. ತೆಪ್ಪಗೆ ಕೀಲಿ ತೆಗೆದೆ. ಅತ್ತೆಯ ಹಿಂದೆ ಅವರೂ ಒಳಗೆ ನುಗ್ಗಿದರು.

ಅತ್ತೆ ನೆಲದ ಮೇಲೆ ಕುಳಿತು ಒಂದು ಕಥೆಪುಸ್ತಕ ಬಿಡಿಸಿದಳು. ಮೊದಲ ಸಾಲಿನಲ್ಲೇ ಎಡವಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ಅತ್ತೆಯೂ ನಕ್ಕಳು. "ನಗ್ರಿ, ನಗ್ರಿ. ಓದೂಮುಂದ ಎಡವಿದ್ರ ಹಲ್ಲೇನು ಮುರಿಯಂಗಿಲ್ಲ. ಈಗ ಯಾರರ ಮುಂದ ಓದ್ರಿ, ನನಗ ಕಥಿ ಬೇಕು."

ಪುಸ್ತಕಕ್ಕೆ ಕೈ ಚಾಚಿದವಳು ರೇಶ್ಮಾ! ಎರಡು ಶಬ್ದ ಓದಿ ತಡವರಿಸಿದಳು. ಯಾರೋ ಕಿಸಕ್ಕೆಂದರು. ತಿದ್ದಲು ನಾನು ಬಾಯಿ ತೆರೆದೆ.

"ಮುಂದ ಏನಾತು ಮಗಳ?" ಎಂದಳು ಅತ್ತೆ.

ರೇಶ್ಮಾ ಓದಿದಳು. ಮತ್ತೆ ನಿಂತಳು. "ಹೌದಾ? ಮುಂದ?" ಕಥೆಯೊಳಗೆ ಮುಳುಗಿದ್ದ ಅತ್ತೆಗೆ ತಪ್ಪುಗಳು ಕೇಳಿಸಲೇ ಇಲ್ಲ. ನಕ್ಕವರೂ ಹತ್ತಿರ ಸರಿದರು. ನಾನೂ ಬಾಯಿ ಮುಚ್ಚಿಕೊಂಡು ಕುಳಿತೆ.

ಗಂಟೆ ಹೊಡೆಯಿತು, ಕಥೆ ಮುಗಿದಿರಲಿಲ್ಲ. ಎದ್ದು ನಿಂತ ಅತ್ತೆಯನ್ನು ರೇಶ್ಮಾ ಕೇಳಿದಳು, "ಅಜ್ಜೀ, ನಾಳೆ ಬರತೀರೇನ್ರಿ?"

"ನೀ ಬಂದ್ರ ಬರತೇನಿ."

"ನಾ ಬರತೇನ್ರಿ" ಎಂದಳು ಹುಡುಗಿ. ಆ ಒಂದು ಮಾತು ಕೇಳಲು ವಾರವಿಡೀ ಗಂಟಲು ಹರಿದುಕೊಂಡಿದ್ದೆ ನಾನು. ಮಕ್ಕಳೆದುರಿಗೇ ಅಳು ಬಂದುಬಿಟ್ಟಿತು.