ಅಕ್ಸ್‌ಬ್ರಿಡ್ಜ್ ತಾಲೂಕಿನಲ್ಲಿ ನಮ್ಮ ಭಾವನ ಅರ್ಜಿ

ಲಂಡನ್ನಿನ ಪಶ್ಚಿಮದ ಅಂಚಿನಲ್ಲಿರುವ ಅಕ್ಸ್‌ಬ್ರಿಡ್ಜ್ ಒಂದು ತಾಲೂಕು ಸ್ಥಳ. ನಿಮಗೆ ಗೊತ್ತಿರಲಿಲ್ಲವೆ? ನನ್ನ ಭಾವ ಬರುವ ತನಕ ಇಲ್ಲಿಯವರಿಗೂ ಗೊತ್ತಿರಲಿಲ್ಲ!

ಭಾವ ಅಂದರೆ ನನ್ನ ಅಕ್ಕನ ಗಂಡ. ವಿಜಯಪುರದ ಕಡೆಯ ಒಂದು ತಾಲೂಕು ಕಚೇರಿಯ ಮುಂದೆ ಮೂವತ್ತು ವರ್ಷ ಕುಳಿತು ಜನರಿಗೆ ಅರ್ಜಿ, ಖರೀದಿಪತ್ರ ಬರೆದುಕೊಟ್ಟವರು. ಈಗ ಅಕ್ಕನೊಡನೆ ಮಗಳ ಮನೆಗೆ ಬಂದು ನೆಲೆಸಿದ್ದಾರೆ. ಎರಡು ಬೀದಿ ಆಚೆ ನಾನಿದ್ದೇನೆ. ಹೈಸ್ಕೂಲು ಮುಗಿಸಿ ಬಂದು, ಜೀವಮಾನವೆಲ್ಲ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಎತ್ತಿದವನು.

ಬಂದ ವಾರವೇ ಭಾವ ಕೋರ್ಟು ನೋಡಬೇಕೆಂದರು. ತೋರಿಸಿದೆ. "ಮುಂದ ಬೇವಿನ ಗಿಡ ಇಲ್ಲ, ಗಿಡದ ಬುಡಕ ಅರ್ಜಿ ಬರಿಯಾವ ಇಲ್ಲ. ಇಲ್ಲಿ ನ್ಯಾಯ ಹೆಂಗ ನಡೀತೈತಪಾ?" ಎಂದರು. ಈ ಪ್ರದೇಶ ಹಿಂದೆ ಮಿಡ್ಲ್‌ಸೆಕ್ಸ್ ಎಂಬ ಕೌಂಟಿಯಲ್ಲಿತ್ತು, ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ, ಅದನ್ನು ತೆಗೆದುಹಾಕಿ ಇದನ್ನು ಲಂಡನ್ನಿಗೆ ಸೇರಿಸಿದರು ಎಂದು ವಿವರಿಸಿದೆ. ಭಾವ ಗಾಬರಿಯಾದರು.

"ಜಿಲ್ಲಾನ ತಗದ್ರ? ಮತ್ತ ದಫ್ತರ ಎಲ್ಲಿಟ್ರು?"

ಅವರಿಗೆ ವಿಳಾಸದಲ್ಲಿ ನಂಬಿಕೆಯಿಲ್ಲ, ಚಕ್ಕುಬಂದಿಯಲ್ಲಿ ಮಾತ್ರ ನಂಬಿಕೆ. ಹೊಲದ ಪತ್ರ ಬರೆಯುವಾಗ ನಾಲ್ಕೂ ದಿಕ್ಕಿಗೆ ಏನಿದೆ ಎಂದು ಬರೆಯುತ್ತಾರಲ್ಲ, ಅದು. ಜಿಪಿಯ ಹತ್ತಿರ, ಅಂದರೆ ಇಲ್ಲಿನ ಬಡಾವಣೆಯ ಡಾಕ್ಟರ ದವಾಖಾನೆಯಲ್ಲಿ, ಪೋಸ್ಟ್‌ಕೋಡ್ ಕೇಳಿದಾಗ ಭಾವ ತಮ್ಮ ಇಂಗ್ಲಿಷಿನಲ್ಲಿ, ಪೂರ್ವಕ್ಕೆ ಪೋಲೆಂಡಿನವನ ಕ್ಷೌರದಂಗಡಿ, ಪಶ್ಚಿಮಕ್ಕೆ ಕಾಲುವೆ, ಉತ್ತರಕ್ಕೆ ನಾಯಿ ಸಾಕಿದ ಮುದುಕಿ ಎಂದು ಬರೆಸತೊಡಗಿದರು. ದಕ್ಷಿಣ ಬರುವಷ್ಟರಲ್ಲಿ ಸರತಿಯಲ್ಲಿದ್ದ ಇಬ್ಬರು ತಾವಾಗಿಯೇ ಗುಣವಾಗಿ ಮನೆಗೆ ಹೋದರು.

ಇಂಥವರು ಕೌನ್ಸಿಲಿಗೆ, ಅಂದರೆ ಇಲ್ಲಿನ ನಗರಸಭೆಗೆ, ಅರ್ಜಿ ಬರೆದರು. ನಮ್ಮ ಬಸ್ ಸ್ಟಾಪಿನಲ್ಲಿ ಬೆಂಚಿಲ್ಲ. ಅಕ್ಕನ ಮೊಣಕಾಲು ಸವೆದಿವೆ, ಆಸ್ಪತ್ರೆಗೆ ಹೋಗುವಾಗಲೆಲ್ಲ ನಿಂತೇ ಕಾಯಬೇಕು. ಮೂರು ಪುಟದ ಅರ್ಜಿ, ಸ್ಟಾಪಿನ ಚಕ್ಕುಬಂದಿ ಸಮೇತ! ನನ್ನ ಕೈಗೆ ಕೊಟ್ಟು, "ಕಚೇರಿ ಶಿಕ್ಕಾ ನಕಲಿನ ಮ್ಯಾಲ ಹೊಡಿಸ್ಕೊಂಡು ಬಾ. ಶಿಕ್ಕಾ ಇಲ್ಲಂದ್ರ ಅರ್ಜಿ ಕೊಟ್ಟಂಗಲ್ಲ" ಎಂದರು.

"ಈಗೆಲ್ಲಾ ಆನ್‌ಲೈನ್ ರೀ ಭಾವ."

"ಆನ್‌ಲೈನಿಗೆ ಶಿಕ್ಕಾ ಯಾರು ಹೊಡೀತಾರ?"

ಈಗ ನನ್ನ ತಪ್ಪೊಪ್ಪಿಗೆ. ನಾನು ಅದನ್ನು ಕೊಡಲೇ ಇಲ್ಲ. ಕೌಂಟರಿನವರು ನಗುತ್ತಾರೆಂದು ನಾಚಿಕೆಯಾಯಿತು. ಅರ್ಜಿಯನ್ನು ಸ್ವೆಟರುಗಳ ಕೆಳಗೆ ಬಚ್ಚಿಟ್ಟೆ. ಒಂದು ಆಲೂಗಡ್ಡೆ ಕೊಯ್ದು, ಅದರಲ್ಲಿ ಕಿರೀಟ ಕೊರೆದು, ನೇರಳೆ ಶಾಯಿ ಹಚ್ಚಿ ನಕಲಿನ ಮೇಲೆ ಮೊಹರಿನ ಹಾಗೆ ಒತ್ತಿದೆ. ಕಿರೀಟ ಬದನೆಕಾಯಿಯ ಹಾಗೆ ಮೂಡಿತು. ಭಾವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಆತು" ಎಂದಷ್ಟೇ ಹೇಳಿ ಮಡಿಸಿ ಜೇಬಿಗಿಟ್ಟರು.

ಆಮೇಲೆ ನಾನು ದಿನಾ ಸಂಜೆ ಅವರ ಮನೆಗೆ ಹೋಗಿ, "ಕೌನ್ಸಿಲ್ ಮಂದಿ ಭಾಳ ನಿಧಾನ ರೀ" ಎಂದು ಸರಕಾರವನ್ನು ಬೈದು, ಅಕ್ಕ ಮಾಡಿದ ಚಹಾ ಎರಡು ಸಲ ಕುಡಿದು ಬರುತ್ತಿದ್ದೆ. ನಾಚಿಕೆಗೇಡಿತನಕ್ಕೂ ಒಂದು ಮಿತಿ ಬೇಡವೆ?

ಮಾರ್ಚಿನ ಒಂದು ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ನೋಡಿದೆ. ಸ್ಟಾಪಿನ ಪಕ್ಕದ ಗಿಡ್ಡ ಇಟ್ಟಿಗೆ ಗೋಡೆಯ ಮೇಲೆ ಅಕ್ಕ ಕುಳಿತಿದ್ದಳು. ಒದ್ದೆಯಾಗದಿರಲೆಂದು ಕೆಳಗೆ ಭಾವನ ಕೋಟು ಹಾಸಿತ್ತು. ಭಾವ ಬರೀ ಅಂಗಿಯಲ್ಲಿ ನಡುಗುತ್ತ ಅವಳ ಮೇಲೆ ಛತ್ರಿ ಹಿಡಿದು ನಿಂತಿದ್ದರು.

ಸಂಜೆ ಆ ಮೂಲ ಅರ್ಜಿಯನ್ನು ಭಾವನ ಮುಂದಿಟ್ಟು ಎಲ್ಲ ಹೇಳಿದೆ.

"ಗೊತ್ತೈತಿ," ಎಂದರು. "ಆಲೂಗಡ್ಡಿ ಶಿಕ್ಕಾ ನಮ್ಮ ತಾಲೂಕಿನ್ಯಾಗ ನೋಡಿಲ್ಲಂತ ತಿಳದೀಯೇನು? ಮರುದಿನಾನ ಇನ್ನೊಂದು ಬರದು ಟಪಾಲಿಗೆ ಹಾಕಿದೆ." ಪಂಚಾಂಗದ ನಡುವಿನಿಂದ ಕೌನ್ಸಿಲಿನ ಕಾಗದ ತೆಗೆದು ಕೊಟ್ಟರು. ಬೇಸಿಗೆಯೊಳಗೆ ಬೆಂಚು ಹಾಕುತ್ತಾರಂತೆ. ಬಂದು ಒಂದು ತಿಂಗಳಾಗಿತ್ತು.

"ಮತ್ತ ಯಾಕ ಹೇಳಲಿಲ್ರಿ?"

ಭಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

"ಇದನ್ನ ತೋರಿಸಿದ್ರ ನಿನ್ನ ಬಣ್ಣ ಬಯಲಾಗ್ತಿತ್ತು. ನೀ ನಾಚಿ ನಮ್ಮನಿಗೆ ಬರೂದು ಬಿಡ್ತಿದ್ದಿ. ಮತ್ತ ಈ ಊರಾಗ ಅಕಿ 'ತಮ್ಮಾ' ಅಂತ ಯಾರನ್ನ ಕರೀಬೇಕು?"